ಮಕ್ಕಳಿಗೆ ವೈಜ್ಞಾನಿಕ ವಿಧಾನದ ಬೋಧನೆ (ಮಧುಗಿರಿ ಶೈಕ್ಷಣಿಕ ಜಿಲ್ಲೆ)

ವೀಕ್ಷಣೆ, ಪ್ರಶ್ನೆ, ಊಹೆ, ಪ್ರಯೋಗ ಹಾಗೂ ತೀರ್ಮಾನಗಳ ಕ್ರಮವನ್ನು ವೈಜ್ಞಾನಿಕ ವಿಧಾನ ಎನ್ನುತ್ತಾರೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಇದನ್ನು ಕಲಿಸಲು ಬೇಕಾದ ಸಾಮಗ್ರಿ ಊರಿನಲ್ಲೇ ದೊರೆಯುತ್ತದೆ.

ಈ ಭಾಗದ ಮುಖ್ಯ ಬೆಳೆ ಕಡಲೆಕಾಯಿ. ಬೀಜ ಮೊಳೆಯಲು ಬೆಳಕು ಬೇಕೇ ಎಂದು ಕೇಳಿದರೆ ಬೇಕೆಂದೇ ಊಹಿಸುವ ಮಕ್ಕಳುಂಟು. ತಲಾ 10 ಬೀಜಗಳನ್ನು ಎರಡು ಒದ್ದೆ ಬಟ್ಟೆಗಳಲ್ಲಿ ಹರಡಿ, ಒಂದನ್ನು ಬೆಳಕಿನಲ್ಲಿಯೂ ಇನ್ನೊಂದನ್ನು ಕತ್ತಲಿನಲ್ಲಿಯೂ ಇಟ್ಟರೆ ಎರಡರಲ್ಲೂ ಮೊಳಕೆ ಬರುತ್ತದೆ. ಇಲ್ಲಿ ಬದಲಾಗುವುದು ಬೆಳಕೊಂದೇ. ನೀರು, ಬೀಜದ ಸಂಖ್ಯೆ ಸಮ. ಸುಳ್ಳಾದ ಊಹೆಯನ್ನು ಅಳಿಸದೆ ಪುಸ್ತಕದಲ್ಲಿ ಉಳಿಸುವುದೂ ಪಾಠದ ಭಾಗ, ಬಹುಶಃ ಅತ್ಯಂತ ಕಷ್ಟದ ಭಾಗ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ದೂರದಿಂದ ಎಣಿಸಿ ದಾಖಲಿಸುವುದು ವೀಕ್ಷಣೆಗೆ ಸೂಕ್ತ.

ಪಾವಗಡದಲ್ಲಿ ಈ ಕಲಿಕೆ ಆರೋಗ್ಯದ ವಿಷಯವೂ ಹೌದು. ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆಯಿದೆ. ಭಾರತೀಯ ಮಾನಕದ ಪ್ರಕಾರ, ಬೇರೆ ನೀರಿನ ಮೂಲವಿಲ್ಲದಿದ್ದರೂ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನೀರಿನಲ್ಲಿರುವ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಿಳಿನೀರೆಲ್ಲ ಶುದ್ಧವೆಂಬ ಊಹೆಯನ್ನು ರಾಸಾಯನಿಕ ಪರೀಕ್ಷೆಯಿಂದಷ್ಟೇ ಒರೆಗೆ ಹಚ್ಚಬಹುದು.

ಸ್ಥಳೀಯ ಸಮಸ್ಯೆಗಳನ್ನು ಇದೇ ಕ್ರಮದಲ್ಲಿ ಅಧ್ಯಯನ ಮಾಡುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 1993ರಲ್ಲಿ ಆರಂಭವಾಯಿತು; ಅದರಲ್ಲಿ 10ರಿಂದ 17 ವರ್ಷದವರು ಭಾಗವಹಿಸುತ್ತಾರೆ.