ಎಲ್ಲೆಯಾಚೆಯ ಪಿಸ್ತೂಲು

೧೯೧೧ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಗ್ರಾಮರ್ಸಿ ಉದ್ಯಾನದ ಸಮೀಪ ಕಾದಂಬರಿಕಾರ ಡೇವಿಡ್ ಗ್ರಹಾಂ ಫಿಲಿಪ್ಸ್ ಹಾಡುಹಗಲಲ್ಲೇ ಗುಂಡೇಟಿಗೆ ಗುರಿಯಾಗಿ ಮರುದಿನ ಅಸುನೀಗಿದನು. ಗುಂಡು ಹಾರಿಸಿದವನು ಅದೇ ಆಯುಧದಿಂದ ತನ್ನನ್ನೂ ಕೊಂದುಕೊಂಡನು. ಅದೇ ವರ್ಷ ಟಿಮೊಥಿ ಸಲಿವನ್ ಎಂಬ ಶಾಸನಕರ್ತನ ಪ್ರಯತ್ನದಿಂದ ಆ ರಾಜ್ಯದಲ್ಲಿ ಹೊಸ ಕಾನೂನು ಜಾರಿಗೆ ಬಂದಿತು. ಮರೆಮಾಡಿ ಒಯ್ಯಬಹುದಾದ ಚಿಕ್ಕ ಕೋವಿಗೆ ಪರವಾನಗಿ ಅವಶ್ಯವಾಯಿತು. ೧೯೧೩ರ ತಿದ್ದುಪಡಿಯಂತೆ, ಹೊರಗೆ ಹೊತ್ತು ತಿರುಗಬಯಸುವವನು ಯೋಗ್ಯ ಕಾರಣವನ್ನೂ ತೋರಿಸಬೇಕಾಯಿತು. ಸಲಿವನ್ ಸಂತನೇನೂ ಅಲ್ಲ; ಟಮ್ಮನಿ ಹಾಲ್ ಕೂಟದ ಪಳಗಿದ ರಾಜಕಾರಣಿ. ಆದರೂ ಅವನ ಹೆಸರು ಹೊತ್ತ ಕಾನೂನು ಶತಮಾನವನ್ನು ದಾಟಿ ಬಾಳಿತು.

ಆದರೆ ರಾಜ್ಯದ ಶಾಸನ ಗಡಿಯನ್ನು ದಾಟಲಾರದು, ಪಿಸ್ತೂಲು ದಾಟಬಲ್ಲದು. ದಕ್ಷಿಣದ ರಾಜ್ಯಗಳ ಅಂಗಡಿಗಳಲ್ಲಿ ಸಲೀಸಾಗಿ ಕೊಂಡ ಆಯುಧಗಳು ಹೆದ್ದಾರಿಯಗುಂಟ ಉತ್ತರದ ನಗರಗಳನ್ನು ಸೇರಿದವು. ಈ ಮಾರ್ಗಕ್ಕೆ 'ಕಬ್ಬಿಣದ ಕೊಳವೆ' ಎಂಬ ಹೆಸರೇ ಬಿದ್ದಿತು. ನ್ಯೂಯಾರ್ಕಿನಲ್ಲಿ ಜೀವ ತೆಗೆಯುವ ಕೋವಿಗಳು ತಮ್ಮಲ್ಲಿಂದಲೇ ಹೋಗುತ್ತಿವೆಯೆಂಬ ಅಪಕೀರ್ತಿಗೆ ಅಂಜಿ ವರ್ಜೀನಿಯಾ ೧೯೯೩ರಲ್ಲಿ ಒಂದು ಮಿತಿಯನ್ನು ತಂದಿತು: ಒಬ್ಬನಿಗೆ ತಿಂಗಳಿಗೆ ಒಂದೇ ಪಿಸ್ತೂಲು. ಪ್ರಾಮಾಣಿಕನಿಗೆ ವರ್ಷಕ್ಕೆ ಹನ್ನೆರಡು ಪಿಸ್ತೂಲು ಸಾಲದೆಂದು ವಾದಿಸಿದವರೂ ಇದ್ದರೆಂಬುದು ಸೋಜಿಗ. ೨೦೧೨ರಲ್ಲಿ ಆ ಮಿತಿ ರದ್ದಾಯಿತು, ೨೦೨೦ರಲ್ಲಿ ಮರಳಿ ಬಂದಿತು. ಮಾರಿದವನ ಹೊಣೆ ಮಾರಾಟದೊಡನೆಯೇ ಮುಗಿಯುವುದಿಲ್ಲವೆಂಬ ಎಚ್ಚರವನ್ನು ಒಂದು ರಾಜ್ಯ ತಾನಾಗಿಯೇ ತೋರಿದ ಅಪರೂಪದ ಪ್ರಸಂಗವಿದು.

ಇಡೀ ದೇಶಕ್ಕೆ ಅನ್ವಯಿಸುವ ಶಾಸನಗಳು ದುರಂತಗಳ ಬೆನ್ನಿಗೇ ಹುಟ್ಟಿವೆ. ಕಳ್ಳಭಟ್ಟಿ ದೊರೆಗಳ ಕಾಳಗದ ತರುವಾಯ ೧೯೩೪ರಲ್ಲಿ ಮೆಷಿನ್ ಗನ್ನುಗಳ ಮೇಲೆ ೨೦೦ ಡಾಲರ್ ತೆರಿಗೆ ಬಿದ್ದಿತು. ಅಧ್ಯಕ್ಷ ಕೆನೆಡಿಯನ್ನು ಕೊಂದ ರೈಫಲ್ ಅಂಚೆಯ ಮೂಲಕ ತರಿಸಿದ್ದಾಗಿತ್ತು. ಹಾಗಿದ್ದರೂ ಅಂಚೆ ಮಾರಾಟಕ್ಕೆ ತಡೆ ಬೀಳಲು ಐದು ವರ್ಷ ಹಿಡಿಯಿತು. ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನೆಡಿ ಬಲಿಯಾದ ೧೯೬೮ರಲ್ಲಷ್ಟೇ ಅದು ಕಾನೂನಾಯಿತು. ಅಧ್ಯಕ್ಷ ಜಾನ್ಸನ್ ಬಯಸಿದ್ದ ಆಯುಧ ನೋಂದಣಿಯನ್ನು ಕಾಂಗ್ರೆಸ್ ಒಪ್ಪಲಿಲ್ಲ. ೧೯೯೩ರ ಬ್ರೇಡಿ ಶಾಸನ ಕೊಳ್ಳುವವನ ಪೂರ್ವಾಪರ ವಿಚಾರಣೆಯನ್ನು ಕಡ್ಡಾಯಗೊಳಿಸಿತಾದರೂ ಪರವಾನಗಿ ಪಡೆದ ವ್ಯಾಪಾರಿಗಳಿಗೆ ಮಾತ್ರ. ಖಾಸಗಿ ಮಾರಾಟ ಹೊರಗೇ ಉಳಿಯಿತು. ಸ್ಯಾಂಡಿ ಹುಕ್ ಶಾಲೆಯಲ್ಲಿ ೨೦ ಮಕ್ಕಳು ಹತರಾದ ಮೇಲೆ, ೨೦೧೩ರಲ್ಲಿ ಆ ಕಂಡಿಯನ್ನು ಬಹುಮಟ್ಟಿಗೆ ಮುಚ್ಚುವ ಸೂಚನೆಗೆ ಸೆನೆಟ್ಟಿನಲ್ಲಿ ೫೪ ಮತಗಳು ಬಿದ್ದವು. ಬೇಕಾಗಿದ್ದುದು ೬೦.

ವಿರೋಧಿಗಳ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ೧೭೯೧ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿ ಅವರ ಆಧಾರ. ನೆರವಿಗೆ ಪೊಲೀಸರು ತಡವಾಗಿ ಬರುವ ಒಂಟಿ ಮನೆಗಳವರ ಭಯ ಹುಸಿಯಲ್ಲ. ಮನೆಯಲ್ಲಿ ಆಯುಧವಿಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ನುಡಿಯಿತು.

೨೦೨೨ರ ಜೂನ್ ೨೩ರಂದು ಅದೇ ನ್ಯಾಯಾಲಯ, ಆರು ನ್ಯಾಯಮೂರ್ತಿಗಳ ಬಹುಮತದಿಂದ, ನ್ಯೂಯಾರ್ಕಿನ 'ಯೋಗ್ಯ ಕಾರಣ'ದ ನಿಬಂಧನೆಯನ್ನು ಅಸಿಂಧುಗೊಳಿಸಿತು. ಅದೇ ದಿನದ ರಾತ್ರಿ ಸೆನೆಟ್ ಸುಮಾರು ಮೂರು ದಶಕಗಳಲ್ಲಿ ಮೊದಲ ಮಹತ್ವದ ರಾಷ್ಟ್ರೀಯ ಸುಧಾರಣೆಗೆ ಒಪ್ಪಿಗೆಯಿತ್ತಿತು. ಸುಮಾರು ಒಂದು ವಾರದಲ್ಲಿ ನ್ಯೂಯಾರ್ಕ್ ಬೇರೊಂದು ಕಾನೂನನ್ನು ರಚಿಸಿ ಶಾಲೆ, ಆಸ್ಪತ್ರೆ, ಆರಾಧನಾ ಮಂದಿರಗಳೊಳಗೆ ಕೋವಿ ಕೂಡದೆಂದಿತು. ಮಂದಿರದ ನಿಷೇಧವನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಚರ್ಚುಗಳ ಪಾದ್ರಿಗಳೂ ಇದ್ದರು. ೨೦೨೩ರಲ್ಲಿ ರಾಜ್ಯ ಮಣಿದು, ಮಂದಿರದ ಕಾವಲಿಗೆ ನಿಯುಕ್ತರಾದವರು ಆಯುಧ ಧರಿಸಬಹುದೆಂದು ತಿದ್ದಿತು.