ಈ ಯಂತ್ರವನ್ನು ಬಂದ್ ಮಾಡಬೇಡಿ

ಸ್ವಿಟ್ಜರ್‌ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಎರಡೂ ಬದಿಗೆ ಚಾಚಿಕೊಂಡಿರುವ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದ ಕೋಣೆಯೊಂದರಲ್ಲಿ ಕಪ್ಪು ಪೆಟ್ಟಿಗೆಯೊಂದಿತ್ತು. ಉದ್ದ, ಅಗಲ, ಎತ್ತರ ಎಲ್ಲವೂ ಸುಮಾರು ಒಂದು ಅಡಿ. ಅದು ನೆಕ್ಸ್ಟ್ ಕಂಪನಿಯ ಕಂಪ್ಯೂಟರ್. ಅದರ ಮೈಮೇಲೆ ಕೈಬರಹದ ಚೀಟಿ: ‘ಈ ಯಂತ್ರ ಸರ್ವರ್, ಇದನ್ನು ಬಂದ್ ಮಾಡಬೇಡಿ’ ಎಂಬರ್ಥದ ಇಂಗ್ಲಿಷ್ ಸಾಲು, ಕೊನೆಗೆ ಎರಡು ಆಶ್ಚರ್ಯಸೂಚಕ ಚಿಹ್ನೆ. ಆ ಎಚ್ಚರಿಕೆ ಅತಿಯಾಯಿತು ಎನ್ನುವಂತಿಲ್ಲ. 1990ರ ಕೊನೆಯಲ್ಲಿ ಜಗತ್ತಿನಲ್ಲಿದ್ದ ವೆಬ್ ಸರ್ವರ್ ಅದೊಂದೇ. ಕೋಣೆಯ ದೀಪ ಆರಿಸಿ ಮನೆಗೆ ಹೊರಟವರು ಅದರ ಸ್ವಿಚ್ಚನ್ನೂ ಆರಿಸಿದ್ದರೆ ಇಡೀ ವೆಬ್ಬೇ ಆರಿಹೋಗುತ್ತಿತ್ತು.

ಸರ್ವರ್ ಎಂದರೆ ಏನು? ಹೋಟೆಲಿನ ಮಾಣಿಯನ್ನು ನೆನಪಿಸಿಕೊಳ್ಳಿ. ಅವನು ತಾನಾಗಿ ಏನನ್ನೂ ತಂದಿಡುವುದಿಲ್ಲ. ಕೇಳಿದ್ದನ್ನು ತರುತ್ತಾನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಾನೆ. ವೆಬ್ ಸರ್ವರಿನ ಕೆಲಸವೂ ಅಷ್ಟೇ. ಆದರೆ ಈ ಮಾಣಿಗೆ ರಜೆಯಿಲ್ಲ, ಹೋಟೆಲಿಗೆ ಬಾಗಿಲು ಹಾಕುವ ಹೊತ್ತೂ ಇಲ್ಲ. ಯಾವ ದೇಶದ ಗಿರಾಕಿ ಯಾವ ಗಳಿಗೆಯಲ್ಲಿ ಬರುತ್ತಾನೋ ಗೊತ್ತಿಲ್ಲ.

ಈ ಮಾಣಿಯನ್ನು ಕೆಲಸಕ್ಕೆ ಹಚ್ಚಿದವರು ಟಿಮ್ ಬರ್ನರ್ಸ್-ಲೀ. 1989ರ ಮಾರ್ಚ್‌ನಲ್ಲಿ ಅವರು ತಮ್ಮ ಯೋಜನೆಯನ್ನು ಬರೆದುಕೊಟ್ಟಾಗ ಮೇಲಧಿಕಾರಿ ಮೈಕ್ ಸೆಂಡಾಲ್ ಅದರ ಮೇಲೆ ‘ಅಸ್ಪಷ್ಟ, ಆದರೆ ರೋಚಕ’ ಎಂದು ಗೀಚಿದ್ದರು. ಅಸ್ಪಷ್ಟವಾದದ್ದಕ್ಕೆ ಹಣ ಹುಟ್ಟುವುದು ಎಲ್ಲ ದೇಶಗಳಲ್ಲೂ ಕಷ್ಟ. ಆ ಕಪ್ಪು ಪೆಟ್ಟಿಗೆ ಕೈಗೆ ಬಂದದ್ದು 1990ರ ಸೆಪ್ಟೆಂಬರ್‌ನಲ್ಲಿ. ಕ್ರಿಸ್‌ಮಸ್ ಹೊತ್ತಿಗೆ ಪುಟ ಕೇಳುವ ತಂತ್ರಾಂಶ, ಪುಟ ಕೊಡುವ ತಂತ್ರಾಂಶ ಎರಡೂ ಅದರಲ್ಲೇ ಓಡುತ್ತಿದ್ದವು. ಗಿರಾಕಿಯೂ ಅದೇ, ಮಾಣಿಯೂ ಅದೇ.

ಸರ್ವರನ್ನು ನೆಲೆಗೊಳಿಸುವಾಗ ಅವರು ಮಾಡಿದ ಒಂದು ಸಣ್ಣ ಕೆಲಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆ ಯಂತ್ರದ ನಿಜನಾಮ ಎನ್‌ಎಕ್ಸ್‌ಒಸಿ01. ಅದನ್ನೇ ಹೊರಗಿನವರಿಗೆ ಕೊಡದೆ ‘ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್’ ಎಂಬ ಇನ್ನೊಂದು ಹೆಸರನ್ನು ಅದಕ್ಕೆ ಅಂಟಿಸಿದರು. ನಾಳೆ ಯಂತ್ರ ಹಳತಾಗಿ ಬೇರೆಯದು ಬಂದರೂ ವಿಳಾಸ ಬದಲಾಗಬಾರದು, ಅದನ್ನು ಬರೆದಿಟ್ಟುಕೊಂಡವರು ದಾರಿ ತಪ್ಪಬಾರದು ಎಂಬ ಯೋಚನೆ.

ಬಾಗಿಲು ತೆರೆದರೂ ಗಿರಾಕಿಗಳಿಲ್ಲ. ಸರ್ನ್‌ನ ಜನರನ್ನು ಮೊದಲು ಸೆಳೆದದ್ದು ದೂರವಾಣಿ ಡೈರೆಕ್ಟರಿ! ಅದು ಪ್ರಯೋಗಾಲಯದ ದೊಡ್ಡ ಕಂಪ್ಯೂಟರಿನಲ್ಲಿತ್ತು. ಅದನ್ನು ವೆಬ್ಬಿನ ಮೂಲಕ ನೋಡುವ ವ್ಯವಸ್ಥೆಯಾದಾಗ ಸಹೋದ್ಯೋಗಿಯ ನಂಬರು ಹುಡುಕುವವರೆಲ್ಲ ವೆಬ್ ಬಳಕೆದಾರರಾದರು. ಜಗತ್ತನ್ನು ಬದಲಿಸಿದ ಸಾಧನ ಇಷ್ಟು ಸಾಧಾರಣ ಉಪಯೋಗದಿಂದ ಕಾಲೂರಿತು.

ಯುರೋಪಿನ ಹೊರಗಿನ ಮೊದಲ ಸರ್ವರ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸ್ಲಾಕ್ ಪ್ರಯೋಗಾಲಯದ್ದು. ಅಲ್ಲಿನ ಭೌತವಿಜ್ಞಾನಿ ಪಾಲ್ ಕುಂಜ್ ಸರ್ನ್‌ಗೆ ಹೋದಾಗ ಈ ಹೊಸದನ್ನು ಕಂಡು ಬಂದರು. 1991ರ ಡಿಸೆಂಬರ್ 12ರಂದು ಅವರ ಸರ್ವರ್ ಉತ್ತರ ಕೊಡತೊಡಗಿತು. ಪುಟದಲ್ಲಿ ಇದ್ದದ್ದು ನಾಲ್ಕಾರು ಸಾಲು ಮಾತ್ರ. ಆದರೆ ಒಂದು ಕೊಂಡಿಯ ಆಚೆ ಭೌತವಿಜ್ಞಾನದ ಪ್ರಬಂಧಗಳ ದೊಡ್ಡ ಸೂಚಿಯೇ ಇತ್ತು. ವಿಜ್ಞಾನಿಗಳಿಗೆ ಬೇಕಾದದ್ದೂ ಅದೇ. ಇತ್ತ ಜಿನೀವಾದ ಕಪ್ಪು ಪೆಟ್ಟಿಗೆಗೆ ಹೊರೆ ಏರುತ್ತಿತ್ತು. 1991ರಿಂದ 1994ರವರೆಗೆ ಪ್ರತಿ ವರ್ಷ ಸುಮಾರು 10 ಪಟ್ಟು!

ಇಷ್ಟರಲ್ಲಿ ಎಲ್ಲವೂ ಕೈತಪ್ಪಬಹುದಿತ್ತು. ಆಗ ವೆಬ್ಬಿಗಿಂತ ಜನಪ್ರಿಯವಾಗಿದ್ದದ್ದು ಮಿನೆಸೋಟಾ ವಿಶ್ವವಿದ್ಯಾಲಯದ ಗೋಫರ್. 1993ರ ಆರಂಭದಲ್ಲಿ ವಿಶ್ವವಿದ್ಯಾಲಯ ಗೋಫರ್ ಸರ್ವರಿಗೆ ಕೆಲವರಿಂದ ಶುಲ್ಕ ಪಡೆಯುವುದಾಗಿ ಹೇಳಿದ್ದೇ ತಡ, ಜನ ಹಿಂಜರಿದರು. ಅದೇ ವರ್ಷ ಏಪ್ರಿಲ್ 30ರಂದು ಸರ್ನ್ ವೆಬ್ಬಿನ ತಂತ್ರಾಂಶದ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಯಾರು ಬೇಕಾದರೂ ಸರ್ವರ್ ಇಡಬಹುದು, ಯಾರಿಗೂ ಕಾಸು ಕೊಡಬೇಕಾಗಿಲ್ಲ. ಗೋಫರ್ ಮಂಕಾಗಲು ಬೇರೆ ಕಾರಣಗಳೂ ಇದ್ದವು. ಆದರೆ ಈ ಎರಡು ನಿರ್ಧಾರಗಳ ನಡುವಿನ ವ್ಯತ್ಯಾಸವನ್ನು ಸಣ್ಣದೆನ್ನಲಾಗದು.

ಬಾಗಿಲು ಎಲ್ಲರಿಗೂ ತೆರೆದಿಡುವುದರಲ್ಲಿ ಅಪಾಯವೂ ಇದೆ. ವೆಬ್ ಸರ್ವರಿಗೆ ಗೊತ್ತಾಗಿರುವ ಬಾಗಿಲು 80ನೇ ನಂಬರಿನದು. ಯುನಿಕ್ಸ್ ಯಂತ್ರಗಳಲ್ಲಿ 1024ಕ್ಕಿಂತ ಕೆಳಗಿನ ಬಾಗಿಲುಗಳನ್ನು ತೆಗೆಯುವ ಅಧಿಕಾರ ಯಂತ್ರದ ಯಜಮಾನನಿಗೆ ಮಾತ್ರ. ಆದರೆ ಯಜಮಾನನೇ ಕುಳಿತು ಬಂದವರಿಗೆಲ್ಲ ಬಡಿಸಿದರೆ, ಕಳ್ಳನೊಬ್ಬ ಅವನ ಕೈ ಹಿಡಿದು ಇಡೀ ಮನೆಯನ್ನೇ ದೋಚಬಹುದು. ಅದಕ್ಕೊಂದು ಉಪಾಯ ಮಾಡಿದರು. ಯಜಮಾನ ಬಾಗಿಲು ತೆಗೆದ ಮೇಲೆ, ಬಡಿಸುವ ಕೆಲಸವನ್ನು ಯಾವ ಅಧಿಕಾರವೂ ಇಲ್ಲದ ಬಳಕೆದಾರನೊಬ್ಬನಿಗೆ ಒಪ್ಪಿಸುವುದು. ಅವನ ಹೆಸರು ‘ನೋಬಡಿ’, ಅಂದರೆ ‘ಯಾರೂ ಅಲ್ಲ’! ಅವನ ಕೈಗೆ ಸಿಗುವುದು ಹೊರಗೆ ತೋರಿಸಲೆಂದು ಇಟ್ಟ ಕಡತಗಳಷ್ಟೇ. ಹೊಸ ಸರ್ವರ್ ಇಡುವವರು ಇಲ್ಲಿ ಎಡವಿದರೆ ಮುಂದಿನದ್ದನ್ನು ಹೇಳಬೇಕಾಗಿಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರ್ ಆ ಕಾಲದಲ್ಲಿ ಬಲು ಬಳಕೆಯಲ್ಲಿತ್ತು. 1994ರಲ್ಲಿ ಅವರು ಕೇಂದ್ರ ಬಿಟ್ಟಾಗ ಅದು ದಿಕ್ಕಿಲ್ಲದಂತಾಯಿತು. ಅದನ್ನೇ ನಂಬಿಕೊಂಡವರು ಅಲ್ಲಲ್ಲಿ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರು. 1995ರ ಫೆಬ್ರುವರಿಯಲ್ಲಿ ಅಂಥ ಎಂಟು ಮಂದಿ ಸೇರಿ ಆ ತೇಪೆಗಳನ್ನು ಒಟ್ಟುಗೂಡಿಸಿದರು. ಏಪ್ರಿಲ್‌ನಲ್ಲಿ ‘ಅಪಾಚೆ’ ಹೊರಬಂತು. ಒಂದೇ ವರ್ಷದಲ್ಲಿ ಉಳಿದ ಸರ್ವರುಗಳನ್ನೆಲ್ಲ ಹಿಂದೆ ಹಾಕಿತು. ಬೇರೆ ಊರುಗಳಲ್ಲಿ ಕುಳಿತು, ಸಂಬಳವಿಲ್ಲದೆ ಮಾಡಿದ ಕೆಲಸವದು.

ಜಗತ್ತಿನ ಆ ಮೊದಲ ಪುಟ ಹೇಗಿತ್ತು? ಅದನ್ನು ತಿದ್ದುತ್ತಲೇ ಇದ್ದುದರಿಂದ ಮೂಲ ರೂಪ ಉಳಿಯಲಿಲ್ಲ. 2013ರಲ್ಲಿ ಸರ್ನ್ 1992ರ ಪ್ರತಿಯೊಂದನ್ನು ಅದೇ ಹಳೆಯ ವಿಳಾಸದಲ್ಲಿ ಮತ್ತೆ ಇಟ್ಟಿತು. ಕಪ್ಪು ಪೆಟ್ಟಿಗೆ ಪ್ರದರ್ಶನದ ವಸ್ತುವಾಗಿದೆ, ಚೀಟಿ ಸಮೇತ.