ಬೆರಳು ಚೀಪುವ ಅಭ್ಯಾಸ

ಶಿಶುಗಳ ಸಹಜ ಪ್ರವೃತ್ತಿ. ಗರ್ಭದಲ್ಲಿರುವಾಗಲೇ ಮಗು ಹೆಬ್ಬೆರಳನ್ನು ಬಾಯಿಗಿಡುವುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ.

ಸುಮಾರು 6ನೇ ವರ್ಷಕ್ಕೆ ಶಾಶ್ವತ ಹಲ್ಲು ಮೂಡತೊಡಗಿದ ಮೇಲೂ ಮುಂದುವರಿದರೆ ಮೇಲಿನ ಮುಂಬಲ್ಲು ಉಬ್ಬಬಹುದು, ಅಂಗುಳ ಕಿರಿದಾಗಬಹುದು. ಹಲ್ಲು ಕಚ್ಚಿದರೂ ಮುಂದೆ ಸಂದು ಉಳಿಯಬಹುದು.

ಬೆರಳಿಗೆ ಬೇವಿನೆಲೆಯ ಅಥವಾ ಹಾಗಲಕಾಯಿಯ ರಸ ಹಚ್ಚುವುದು ಹಳೆಯ ರೂಢಿ. ಮಗು ಒಪ್ಪಿದ್ದರೆ ಕಹಿ ಒಂದು ನೆನಪೋಲೆ. ಒಪ್ಪದಿದ್ದರೆ ಬರೀ ಶಿಕ್ಷೆ. ಮೆಣಸಿನಪುಡಿಯಂತೂ ಖಂಡಿತ ಕೂಡದು, ಮಗು ಅದೇ ಕೈಯಿಂದ ಕಣ್ಣುಜ್ಜಿಕೊಳ್ಳುತ್ತದೆ. ನೆಂಟರೆದುರು ಹಂಗಿಸಿದರೆ ಅಂಜಿಕೆ ಹೆಚ್ಚಿ ಬೆರಳು ಮತ್ತೆ ಬಾಯಿಗೇ ಹೋಗುತ್ತದೆ.

ನಿದ್ದೆ, ಬೇಸರ, ಹೊಸ ಜಾಗದ ಭಯ: ಬೆರಳು ಬಾಯಿಗೆ ಹೋಗುವ ಹೊತ್ತನ್ನು ಮೊದಲು ಗುರುತಿಸಬೇಕು. ಆ ಹೊತ್ತಿಗೆ ಕೈಗೆ ಕೆಲಸ ಕೊಡುವುದೇ ಒಳ್ಳೆಯ ಉಪಾಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ಜಗಲಿಯಲ್ಲಿ ಅಜ್ಜಿ ಬಾಳೆನಾರಿನಿಂದ ಅಬ್ಬಲಿಗೆ ದಂಡೆ ಕಟ್ಟುವಾಗ, ಹೂವನ್ನು ಎರಡೆರಡಾಗಿ ಜೋಡಿಸಿಕೊಡುವ ಮಗುವಿನ ಎರಡೂ ಕೈ ತುಂಬಿರುತ್ತವೆ. ರಾತ್ರಿ ಹತ್ತಿಯ ಕೈಗವಸು ತೊಡಿಸಬಹುದು; ಚೀಪದ ದಿನ ಕ್ಯಾಲೆಂಡರಿನಲ್ಲಿ ಮಗುವಿನಿಂದಲೇ ಗುರುತು ಹಾಕಿಸಬಹುದು.

ಆಗಲೂ ಬಿಡದಿದ್ದರೆ ಮಕ್ಕಳ ದಂತವೈದ್ಯರು ಅಂಗುಳಕ್ಕೆ ತಂತಿಯ ತಡೆ ಕೂರಿಸುತ್ತಾರೆ. ಶಿರಸಿ ಸೀಮೆಯವರಿಗೆ ಧಾರವಾಡದಲ್ಲಿ ದಂತ ವೈದ್ಯಕೀಯ ಕಾಲೇಜಿದೆ.